‘ಯಾವಾಗ ಆಯ್ತು’ ಅಂತ ಕೇಳಬಾರದಿತ್ತು

ಕಾಫಿ ಕುಯ್ಯುವ ಕಾಲ. ಬೆಳಿಗ್ಗೆ ಒಂಬತ್ತೂವರೆಗೆ ತೋಟದ ಜೀಪಿನಲ್ಲಿ ಒಬ್ಬ ಅಜ್ಜಿಯನ್ನು ನಮ್ಮ ಆಸ್ಪತ್ರೆಗೆ ಕರೆತಂದರು. ಬಾಯಿ ಎಡಕ್ಕೆ ವಾಲಿತ್ತು, ಬಲಗೈ ಜೋತುಬಿದ್ದಿತ್ತು. ಸ್ಟ್ರೋಕ್ ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು.

“ಯಾವಾಗ ಆಯ್ತು?” ಕರೆತಂದ ತೋಟದ ಮೇಸ್ತ್ರಿಯನ್ನು ಕೇಳಿದೆ.

“ಒಂಬತ್ತು ಗಂಟೆಗೆ ಸಿಸ್ಟರ್, ಗಿಡದ ಬುಡದಲ್ಲೇ ಕುಸಿದ್ರು.”

ಬರೆದುಕೊಂಡೆ. ಶುಗರ್ ನೋಡಿದೆ, ಸಿಟಿ ಸ್ಕ್ಯಾನಿಗೆ ಕಳಿಸಿದೆ. ಮೆದುಳಲ್ಲಿ ರಕ್ತಸ್ರಾವ ಇರಲಿಲ್ಲ.

ನರರೋಗದ ಡಾಕ್ಟರ್ ಇರುವುದು ಬೆಂಗಳೂರಿನಲ್ಲಿ. ನಮ್ಮಲ್ಲಿರುವುದು ಅವರ ರೋಬೋಟ್: ಚಕ್ರದ ಮೇಲೊಂದು ಪರದೆ, ಅದರ ತಲೆ ಮೇಲೊಂದು ಕ್ಯಾಮೆರಾ. ಅಲ್ಲಿಂದಲೇ ಅದನ್ನು ಮಂಚದ ಹತ್ತಿರ ಓಡಿಸುತ್ತಾರೆ, ಕಣ್ಣಿನ ಪಾಪೆ ಕಾಣುವಷ್ಟು ಝೂಮ್ ಮಾಡುತ್ತಾರೆ. ಮುಟ್ಟುವ, ಕೈಕಾಲು ಎತ್ತುವ ಕೆಲಸ ನಮ್ಮದು.

“ಅಮ್ಮಾ, ಕಣ್ಣು ಮುಚ್ಚಿ. ಮುಷ್ಟಿ ಹಿಡೀರಿ.”

ಅಜ್ಜಿ ಪರದೆಯನ್ನೇ ನೋಡುತ್ತಾ ಮಲಗಿದ್ದರು. ಎರಡನ್ನೂ ಮಾಡದಿದ್ದರೆ ಸ್ಟ್ರೋಕ್ ಪಟ್ಟಿಯಲ್ಲಿ 2 ಅಂಕ. 0ಯಿಂದ 42ರವರೆಗಿನ ಪಟ್ಟಿ ಅದು, ಅಂಕ ಏರಿದಷ್ಟೂ ಹೊಡೆತ ಜೋರು. ಡಾಕ್ಟರ್ 2 ಅಂದರು. ನಾನೂ ಬರೆದೆ.

ನೆಲ ಒರೆಸುತ್ತಿದ್ದ ಆಯಾ ಅಕ್ಕ ತಲೆ ಎತ್ತಿದರು. “ಅವರಿಗೆ ಕನ್ನಡ ಅಷ್ಟು ಬರಲ್ಲ ಸಿಸ್ಟರ್, ನಮ್ಮೋರು.” ಕೈ ಒರೆಸಿಕೊಂಡು ಬಂದು ಕಿವಿ ಹತ್ತಿರ ತಮ್ಮ ಎರವ ಭಾಷೆಯಲ್ಲಿ ಏನೋ ಹೇಳಿದರು. ಅಜ್ಜಿ ಗಟ್ಟಿಯಾಗಿ ಕಣ್ಣು ಮುಚ್ಚಿದರು. ಎಡಗೈ ಮುಷ್ಟಿ ಕಟ್ಟಿತು. 2 ಹೊಡೆದುಹಾಕಿ 0 ಬರೆದೆ.

ಆಮೇಲೆ ಅಕ್ಕ ಸುಮ್ನೆ ಬಾಗಿಲ ಹತ್ತಿರ ಹೋಗಿ ಅಜ್ಜಿಯ ಸೊಸೆಯ ಜೊತೆ ಮಾತಾಡಿ ಬಂದರು. ಆ ಹುಡುಗಿಯನ್ನು ನಾವ್ಯಾರೂ ಏನೂ ಕೇಳಿರಲಿಲ್ಲ. ಎದ್ದ ಕೂಡಲೇ ಅಜ್ಜಿಯ ಕೈಯಿಂದ ಚಾ ಲೋಟ ಜಾರಿತ್ತಂತೆ. ಜೋಮು ಅಂದುಕೊಂಡು ಕೆಲಸಕ್ಕೆ ಹೊರಟರಂತೆ. ಅಂದರೆ ಪೂರ್ತಿ ಸರಿಯಿದ್ದದ್ದು ಹಿಂದಿನ ರಾತ್ರಿ ಮಲಗುವಾಗ!

ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಇರುವ ಲೆಕ್ಕ, ಪೂರ್ತಿ ಸರಿಯಿದ್ದ ಕೊನೇ ಹೊತ್ತಿನಿಂದ ನಾಲ್ಕೂವರೆ ಗಂಟೆ. ನನ್ನ ‘ಒಂಬತ್ತು ಗಂಟೆ’ ನಂಬಿದ್ದರೆ ಕೊಟ್ಟೇಬಿಡುತ್ತಿದ್ದೆವು. ಹೊತ್ತು ಮೀರಿ ಕೊಟ್ಟರೆ ಮೆದುಳಲ್ಲಿ ರಕ್ತ ಸೋರುವ ಭಯ ಜಾಸ್ತಿ.

“ಎಂಆರ್‌ಐ ಇದ್ದಿದ್ರೆ ಇನ್ನೂ ಇಂಜೆಕ್ಷನ್ ಕೊಡಬಹುದಾ ಅಂತ ನೋಡಬಹುದಿತ್ತು. ಮೈಸೂರಿಗೆ ಹೊರಡಿಸಿ,” ಅಂದರು ಡಾಕ್ಟರ್. ದೊಡ್ಡ ರಕ್ತನಾಳ ಕಟ್ಟಿದ್ದರೆ ಕೊಳವೆ ಹಾಕಿ ಹೆಪ್ಪು ತೆಗೆಯಲು ಕೆಲವರಿಗೆ 24 ಗಂಟೆವರೆಗೂ ಅವಕಾಶ ಇರುತ್ತದೆ.

‘ಯಾವಾಗ ಆಯ್ತು’ ಅಂದರೆ ಜನ ಬಿದ್ದ ಹೊತ್ತು ಹೇಳುತ್ತಾರೆ, ಅವರದೇನು ತಪ್ಪು? ಈಗ ನಾನು ಕೇಳುವುದು, “ಪೂರ್ತಿ ಚೆನ್ನಾಗಿದ್ದಾಗ ಕೊನೇ ಸಲ ಯಾರು ನೋಡಿದ್ದು?” ಅದೂ ಮನೆಯವರನ್ನೇ. ತೋಟದ ಕೂಲಿಯವರ ಲೈನ್ ಮನೆಯಿಂದ ಯಾರಾದರೂ ಬಂದರೆ ರೋಬೋಟ್ ಆನ್ ಮಾಡುವ ಮೊದಲು ಆಯಾ ಅಕ್ಕನನ್ನು ಕೂಗುತ್ತೇನೆ. ಅವರು ರಜೆಯಲ್ಲಿದ್ದರೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿ ಅಜ್ಜಿಯರ ಕಿವಿ ಹತ್ತಿರ ಇಡುತ್ತೇನೆ.