ಡೇರೆ ಹೊಲಿಯುವವರ ಪ್ರೇಮಕಥೆ

ಪ್ರಾಚೀನ ರೋಮಿನ ಕ್ರೈಸ್ತ ಪ್ರೇಮ ಕಾದಂಬರಿ ಎಂದರೆ ಕಥೆ ಬಹುಪಾಲು ಮೊದಲೇ ಗೊತ್ತು: ಗರ್ವದ ಸೇನಾಧಿಕಾರಿ, ಗುಟ್ಟಾಗಿ ಪ್ರಾರ್ಥಿಸುವ ಚೆಲುವೆ, ಕೊನೆಗೆ ಅಖಾಡದಲ್ಲಿ ಸಿಂಹ. ಹಾಗೆಂದು ಓದುವುದನ್ನು ನಾನೇನೂ ಬಿಟ್ಟಿಲ್ಲ.

ಆದರೆ ನನಗೆ ಬೇಕಾದ ಜೋಡಿ ಬೈಬಲಿನಲ್ಲೇ ಇದೆ. ಅಕ್ವಿಲ, ಪ್ರಿಸ್ಕಿಲ್ಲ. ಕ್ರಿ.ಶ. 49ರ ಸುಮಾರಿಗೆ ಚಕ್ರವರ್ತಿ ಕ್ಲೌದಿಯ ಯೆಹೂದ್ಯರನ್ನು ರೋಮಿನಿಂದ ಹೊರಹಾಕಿದಾಗ ಗ್ರೀಸಿನ ಕೊರಿಂಥ ಪಟ್ಟಣಕ್ಕೆ ಬಂದ ಗಂಡ ಹೆಂಡತಿ. ಕಸುಬು ಡೇರೆ ಮಾಡುವುದು. ಊರೂರು ತಿರುಗಿ ಕ್ರಿಸ್ತನ ಸಂದೇಶ ಸಾರುತ್ತಿದ್ದ, ಅದೇ ಕಸುಬಿನ ಪೌಲ ಅವರ ಮನೆಯಲ್ಲೇ ಉಳಿದು ಜೊತೆಗೆ ದುಡಿದ. ಮುಂದೆ ಈಗಿನ ಟರ್ಕಿಯಲ್ಲಿರುವ ಎಫೆಸ, ಮತ್ತೆ ರೋಮ್. ಎರಡೂ ಕಡೆ ಅವರ ಮನೆಯಲ್ಲೇ ಕ್ರೈಸ್ತರ ಸಭೆ ಸೇರುತ್ತಿತ್ತು. ತನಗಾಗಿ ಅವರು ಪ್ರಾಣವನ್ನೇ ಪಣಕ್ಕಿಟ್ಟರೆಂದು ಪೌಲ ಬರೆಯುತ್ತಾನೆ, ಏನು ನಡೆಯಿತೆಂದು ಮಾತ್ರ ಹೇಳುವುದಿಲ್ಲ. ಕಾದಂಬರಿಕಾರರಿಗೆ ಇದಕ್ಕಿಂತ ಒಳ್ಳೆಯ ಖಾಲಿ ಜಾಗ ಬೇಕೇ?

ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಇವರ ಪ್ರಸ್ತಾಪ ಬರುವುದು ಆರು ಕಡೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರ ಹೆಸರು ಎಲ್ಲಿಯೂ ಇಲ್ಲ. ಕೆಲವೆಡೆ ಹೆಂಡತಿಯ ಹೆಸರೇ ಮೊದಲು, ಆ ಕಾಲಕ್ಕೆ ಅದು ಸಣ್ಣ ಸಂಗತಿಯಲ್ಲ! ಮದುವೆಯಾದ ಮೇಲಿನ ಪ್ರೇಮವನ್ನು ಕಾದಂಬರಿಗಳು ಯಾಕೋ ಪ್ರೇಮವೆಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇವರಿಬ್ಬರ ಮೇಲೆ ಒಳ್ಳೆಯ ಕಾದಂಬರಿ ಗೊತ್ತಿದ್ದವರು ಹೆಸರು ತಿಳಿಸಿ. ಕನ್ನಡದಲ್ಲಿದ್ದರೆ ಇನ್ನೂ ಸಂತೋಷ.