ಹದಿನೆಂಟು ಚೀಲ ಮಣ್ಣು

17 ನವೆಂಬರ್ 2024, ಭಾನುವಾರ
ಮಾನಸಗಂಗೋತ್ರಿ, ಮೈಸೂರು

ಕೆಲಸದ ಅರ್ಜಿಯಲ್ಲಿ ‘ಸಂಶೋಧನೆಯ ಹೊರತಾಗಿ ನಿಮ್ಮ ಕೌಶಲಗಳು’ ಅಂತ ಒಂದು ಕಲಂ ಇತ್ತು. ನಿನ್ನೆ ರಾತ್ರಿ ಅದರ ಮುಂದೆ ಒಂದು ಗಂಟೆ ಕೂತಿದ್ದೆ. ‘ಎಕ್ಸೆಲ್’ ಅಂತ ಬರೆದು ನಿಲ್ಲಿಸಿದೆ. ಪಿಎಚ್‌ಡಿ ಮೂರನೇ ವರ್ಷ, ಇಷ್ಟೇನಾ ಅನ್ನಿಸಿ ಅಳು ಬಂತು.

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಮ್ಮ ಸೀನಿಯರ್ ಅಕ್ಕ ಸಿಕ್ಕರು. ಈಗ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬ್ ನೋಡ್ಕೋತಾರೆ. ಅರ್ಜಿ ವಿಷಯ ಹೇಳಿದರೆ, “ಅದಿರಲಿ, ಮಂಡ್ಯದಲ್ಲಿ ಮಣ್ಣು ತೆಗೆದದ್ದು ಹೇಗೆ, ಮೊದಲಿಂದ ಹೇಳು” ಅಂದರು.

ವಿಶ್ವೇಶ್ವರಯ್ಯ ನಾಲೆ ಬಯಲಿನ ಗದ್ದೆಗಳಲ್ಲಿ ಚೌಳು ಅಳೆಯೋದು ನನ್ನ ವಿಷಯ. ನೀರು ಹಾಯಿಸಿದ ಗದ್ದೆಗೆ ಇಳಿಯೋ ಹಾಗಿಲ್ಲ. “ನೀರ್ ಬುಟ್ಟವ್ರೆ ಕಣವ್ವ, ಇನ್ನೆಂಟು ದಿನ ಬುಟ್ಟು ಬಾ” ಅಂತ ರೈತರೊಬ್ಬರು ಫೋನ್ ಮಾಡೋರು. ಹಂಗೆ ಅವರವರ ಸರದಿ ಕೇಳಿಕೊಂಡೇ ವಾರದ ಪಟ್ಟಿ ಹಾಕ್ತಿದ್ದೆ. ಒಂದು ದಿನ ಮಳೆ ಹಿಡೀತು. ಮಣ್ಣಿನ ಚೀಲಗಳಿಗೆ ಗದ್ದೆಯ ಗುರುತಿನ ಚೀಟಿ ಬರೆದದ್ದು ಶಾಯಿ ಪೆನ್ನಲ್ಲಿ. ಎಲ್ಲ ಕದಡಿ 18 ಚೀಲ ಯಾವ ಗದ್ದೆಯವು ಅಂತ ಗೊತ್ತಾಗದೇ ಹೋಯಿತು. ಅಂದಾಜಲ್ಲಿ ಬರೆದಿದ್ದರೆ ಯಾರಿಗೂ ತಿಳೀತಿರಲಿಲ್ಲ. ಆ ಸಂಜೆಯೇ ಗೈಡ್ ಸರ್‌ಗೆ ಹೇಳಿ, ಅಷ್ಟೂ ಮಣ್ಣು ಸುರಿದು, ಮತ್ತೆ ಮಂಡ್ಯ ಬಸ್ ಹತ್ತಿದೆ. ಅಂದಿನಿಂದ ಪೆನ್ಸಿಲಲ್ಲೇ ಎರಡೆರಡು ಚೀಟಿ, ಚೀಲದ ಒಳಗೊಂದು, ಹೊರಗೊಂದು.

ಅಕ್ಕ ನಡೆಯೋದು ನಿಲ್ಲಿಸಿದರು. “ಸರ್ ಕೇಳೋ ಮುಂಚೆ ನೀನೇ ಹೇಳಿದ್ಯಾ?”

“ಹೂಂ ಅಕ್ಕ.”

“ಅದನ್ನ ಬರಿ ಮೊದಲು. ನಮ್ಮ ಲ್ಯಾಬಿಗೆ ಬರೋರಲ್ಲಿ ನಾನು ಹುಡುಕೋದು ಅದನ್ನೇ.”

2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪಿಎಚ್‌ಡಿ ನಿಯಮದಲ್ಲಿ ಕೋರ್ಸ್‌ವರ್ಕ್‌ಗೆ, ಅಂದರೆ ಸಂಶೋಧನೆ ಜೊತೆ ಓದಬೇಕಾದ ಪಾಠಗಳಿಗೆ, ಕನಿಷ್ಠ 12 ಕ್ರೆಡಿಟ್, ಅದರಲ್ಲೇ ಸಂಶೋಧನೆಯ ನೈತಿಕತೆಯ ಪಾಠವೂ ಸೇರಿದೆ. ಆ ಪರೀಕ್ಷೆ ನಾನೂ ಬರೆದಿದ್ದೆ. ಆದರೆ ಆ ಪಾಠ ನನಗೆ ನಿಜವಾಗಿ ಬಂದದ್ದು ಒದ್ದೆ ಚೀಟಿ ಕೈಲಿ ಹಿಡಿದು ನಿಂತಾಗ. ವಾರಕ್ಕೆ 4ರಿಂದ 6 ಗಂಟೆ ಲ್ಯಾಬ್, ಪಾಠದ ಕೆಲಸ ಕೊಡಬಹುದು ಅಂತಲೂ ಅದೇ ನಿಯಮ ಹೇಳುತ್ತೆ. ಎಂಎಸ್ಸಿ ಮಕ್ಕಳ ಲ್ಯಾಬ್ ನೋಡ್ಕೊಳೋದು ನನ್ನ ಹೊತ್ತು ತಿನ್ನುತ್ತೆ ಅಂತ ಎಷ್ಟು ದಿನ ಕೊರಗಿದ್ದೀನಿ! ಚೌಳು ಅಳೆಯೋ ಮೀಟರನ್ನ ಮೊದಲು ಪೊಟ್ಯಾಷಿಯಂ ಕ್ಲೋರೈಡ್ ದ್ರಾವಣದಲ್ಲಿ ಯಾಕೆ ಅದ್ದಬೇಕು ಅಂತ ಒಬ್ಬ ಹುಡುಗ ಕೇಳಿದಾಗ ಮೂರು ಥರ ಹೇಳಿದ ಮೇಲೇ ಅವನಿಗೆ ಅರ್ಥವಾದದ್ದು. ಆವತ್ತೇ ನನಗೂ ಪೂರ್ತಿ ಅರ್ಥವಾಯಿತು.

ಸಂಜೆ ಆರು ಸಾಲು ಬರೆದೆ. ಎಕ್ಸೆಲ್ ಕೊನೆಗೆ ಹೋಯಿತು. ಅರ್ಜಿಗೆ ಬುಧವಾರ ಕೊನೆ ದಿನ, ಅಷ್ಟರೊಳಗೆ ಸರ್‌ಗೆ ಒಮ್ಮೆ ತೋರಿಸಬೇಕು.