ಒಂದು ಸಾಲಿಗೆ ಎಷ್ಟು ನೂಲು?

ಕಳೆದ ಮಳೆಗಾಲದಲ್ಲಿ ನಾನು ಹೆಣೆದ ಮೊದಲ ಎರಡು ಬಣ್ಣದ ಚೌಕವನ್ನು ಕಿಟಕಿಯ ಬೆಳಕಿಗೆ ಹಿಡಿದಾಗ, ಬಿಳಿ ಮತ್ತು ಹಸಿರು ಸೇರುವ ಗೆರೆಯುದ್ದಕ್ಕೂ ಸಣ್ಣ ಸಣ್ಣ ತೂತುಗಳು ಕಾಣಿಸಿದವು. ನಾಲ್ಕೈದು ಕಡೆಗಳಲ್ಲಿ ಎರಡು ಬಣ್ಣಗಳು ಒಂದನ್ನೊಂದು ಹಿಡಿದುಕೊಂಡೇ ಇರಲಿಲ್ಲ. ಕಿರುಬೆರಳು ಸಲೀಸಾಗಿ ಆಚೆ ಹೋಗುತ್ತಿತ್ತು. ಆ ದಿನ ಬದಿಯಡ್ಕದ ಹತ್ತಿರದ ನಮ್ಮ ಮನೆಗೆ ದೊಡ್ಡಮ್ಮ ಬಂದಿದ್ದರು. ಮದುವೆಯಾಗಿ ಮಡಿಕೇರಿಗೆ ಹೋದ ಅವರು ಅಲ್ಲಿನ ಚಳಿಯಲ್ಲಿ ನಲವತ್ತು ವರ್ಷಗಳಿಂದ ಸ್ವೆಟರ್ ಹೆಣೆಯುತ್ತ ಬಂದವರು. ಚೌಕವನ್ನು ಕೈಗೆ ತೆಗೆದುಕೊಂಡವರು ಅದರ ಮುಂಭಾಗವನ್ನು ನೋಡಲೇ ಇಲ್ಲ. "ಹಿಂಬದಿ ತೋರಿಸು ಮಗಳೇ" ಎಂದರು. ನಾನು ತಿರುಗಿಸಿ ಕೊಟ್ಟೆ. "ಬಣ್ಣ ಬದಲಿಸುವಾಗ ಹಳೆಯ ನೂಲಿನ ಅಡಿಯಿಂದ ಹೊಸ ನೂಲನ್ನು ಎತ್ತಿಕೊಳ್ಳಬೇಕು. ನೀನು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಿದ್ದೀ, ಅಷ್ಟೆ. ಇದು ಒಂದು ಬಟ್ಟೆಯಲ್ಲ, ಎರಡು ಬಟ್ಟೆ" ಎಂದು ಹೇಳಿ, ಎಂಟು ಸಾಲು ಬಿಚ್ಚಿ, ಮತ್ತೆ ನನ್ನ ಕೈಯಿಂದಲೇ ಹೆಣೆಸಿದರು.

ಇಂಟಾರ್ಸಿಯಾ ಎಂದು ಕರೆಯುವ ಈ ಹೆಣಿಗೆಯ ಮೂಲಸೂತ್ರ ಇಷ್ಟೇ. ಹೆಸರು ಬಂದದ್ದು ಇಟಲಿಯ ಮರಗೆಲಸದಿಂದ. ಬೇರೆ ಬೇರೆ ಬಣ್ಣದ ಮರದ ಚೂರುಗಳನ್ನು ಒಂದರ ಪಕ್ಕ ಒಂದು ಕೂರಿಸಿ ಚಿತ್ರ ಮಾಡುವ ಕೆಲಸಕ್ಕೆ ಅಲ್ಲಿ ಆ ಹೆಸರಿದೆ. ಹೆಣಿಗೆಯಲ್ಲಿಯೂ ಒಂದೊಂದು ಬಣ್ಣದ ತುಂಡಿಗೆ ಅದರದ್ದೇ ಆದ ನೂಲು ಇರುತ್ತದೆ. ಆ ನೂಲು ತನ್ನ ಜಾಗದಲ್ಲಿ ಹೆಣೆದು, ಗಡಿಯಲ್ಲಿ ಪಕ್ಕದ ನೂಲಿಗೆ ಒಂದು ಸುತ್ತು ಹಾಕಿಕೊಂಡು, ಅಲ್ಲಿಯೇ ನಿಲ್ಲುತ್ತದೆ. ಸ್ಕಾಟ್‌ಲೆಂಡಿನ ಶೆಟ್‌ಲೆಂಡ್ ದ್ವೀಪಗಳ ಫೇರ್ ಐಲ್ ಹೆಣಿಗೆಯಲ್ಲಿ ಹಾಗಲ್ಲ. ಅಲ್ಲಿ ಒಂದು ಸಾಲಿನ ಎರಡೂ ಬಣ್ಣಗಳು ಬಟ್ಟೆಯ ಹಿಂಬದಿಯಲ್ಲಿ ಉದ್ದಕ್ಕೂ ಸಾಗುತ್ತವೆ. ಬಟ್ಟೆ ದಪ್ಪವಾಗುತ್ತದೆ, ಬೆಚ್ಚಗಾಗುತ್ತದೆ, ಸಣ್ಣ ಸಣ್ಣ ವಿನ್ಯಾಸಗಳಿಗೆ ಅದು ಹೇಳಿ ಮಾಡಿಸಿದ್ದು. ಆದರೆ ಹಳದಿ ಬಟ್ಟೆಯ ನಟ್ಟನಡುವೆ ಒಂದೇ ಒಂದು ದೊಡ್ಡ ಆನೆ ಬೇಕಾದರೆ, ಬೂದು ನೂಲನ್ನು ಇಡೀ ಸಾಲಿನ ಹಿಂದೆ ಎಳೆದುಕೊಂಡು ಹೋಗುವುದರಲ್ಲಿ ಅರ್ಥವಿಲ್ಲ. ನಮ್ಮ ಕಾಸರಗೋಡಿನ ಸೆಕೆಯಲ್ಲಿ ಆ ಎರಡು ಪದರದ ದಪ್ಪವೂ ಬೇಡ.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಹೆಚ್ಚು ಸಹಾಯ ಮಾಡಿದ್ದು ಅಮ್ಮನ ಹಳೆಯ ಕಾಂಜೀವರಂ ಸೀರೆ. ಕಾಂಚೀಪುರದ ನೇಕಾರರು ಕೊರ್ವೈ ಎನ್ನುವ ಕ್ರಮದಲ್ಲಿ ಒಡಲಿಗೆ ಒಂದು ಲಾಳಿ, ಅಂಚಿಗೆ ಬೇರೆಯೇ ಲಾಳಿ ಇಟ್ಟುಕೊಂಡು, ಎರಡು ಬಣ್ಣ ಕೂಡುವಲ್ಲಿ ಹೊಕ್ಕು ನೂಲುಗಳನ್ನು ಒಂದಕ್ಕೊಂದು ಕೊಂಡಿ ಹಾಕುತ್ತಾರೆ. ಸೀರೆಯ ಅಂಚನ್ನು ಮಗುಚಿ ಬೆರಳಾಡಿಸಿದರೆ ಆ ಜೋಡಣೆಯ ಸಣ್ಣ ಏಣು ಕೈಗೆ ಸಿಗುತ್ತದೆ. ಮಗ್ಗದ ಕೆಲಸ ಬೇರೆ, ಕಡ್ಡಿಯ ಕೆಲಸ ಬೇರೆ. ಆದರೂ ಎರಡು ಬಣ್ಣಗಳು ತಮ್ಮ ತಮ್ಮ ಜಾಗ ಬಿಡದೆ ಒಂದೇ ಬಟ್ಟೆಯಾಗುವ ಬಗೆ ಎರಡರಲ್ಲಿಯೂ ಅದೇ. ಆ ಸೀರೆಯನ್ನು ನೋಡಿದ ಮೇಲೆ ಗಡಿಯ ಸುತ್ತನ್ನು ನಾನು ಒಮ್ಮೆಯೂ ಮರೆತಿಲ್ಲ.

ನಮ್ಮ ಊರಿಗೆ ಹೊಂದುವ ನೂಲು ಹತ್ತಿಯದ್ದೇ. ಆದರೆ ಕಲಿಯುವವರಿಗೆ ಹತ್ತಿ ಸ್ವಲ್ಪ ಕಠಿಣವಾದ ಗುರು ಎನ್ನುವುದನ್ನು ಮೊದಲೇ ಹೇಳಿಬಿಡಬೇಕು. ಉಣ್ಣೆಗೆ ಹಿಗ್ಗುವ ಗುಣವಿದೆ. ಗಡಿಯ ಕುಣಿಕೆ ಸ್ವಲ್ಪ ಸಡಿಲವಾದರೂ ಅಕ್ಕಪಕ್ಕದ ಕುಣಿಕೆಗಳು ಅದನ್ನು ಎಳೆದುಕೊಂಡು ಸರಿಮಾಡುತ್ತವೆ, ಅದರ ನವಿರಾದ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹತ್ತಿ ಹಿಗ್ಗುವುದೂ ಇಲ್ಲ, ಅಂಟುವುದೂ ಇಲ್ಲ. ಸಡಿಲವಾದ ಕುಣಿಕೆ ಸಡಿಲವಾಗಿಯೇ ಉಳಿಯುತ್ತದೆ. ಕೊನೆಯಲ್ಲಿ ಹಿಂಬದಿಗೆ ಸೇರಿಸಿದ ತುದಿಗಳು ಎರಡು ಸಲ ಒಗೆದಾಗ ಹೊರಗೆ ಬರುತ್ತವೆ. ಆದ್ದರಿಂದ ಹತ್ತಿಯಲ್ಲಿ ಹೆಣೆಯುವಾಗ ನಾನು ಪ್ರತಿ ತುದಿಯನ್ನೂ 15 ಸೆಂಟಿಮೀಟರ್ ಉದ್ದ ಬಿಡುತ್ತೇನೆ. ಮುಗಿದ ಮೇಲೆ ಮೊನೆಯಿರುವ ಸೂಜಿಯಿಂದ, ಅದೇ ಬಣ್ಣದ ಕುಣಿಕೆಗಳ ಎಳೆಯನ್ನು ಸೀಳಿಕೊಂಡು, ಒಮ್ಮೆ ಮುಂದಕ್ಕೆ ಒಮ್ಮೆ ಹಿಂದಕ್ಕೆ ಪೋಣಿಸುತ್ತೇನೆ. ಹೊಸ ಬಣ್ಣ ಶುರುವಾದ ಮೊದಲ ಎರಡು ಕುಣಿಕೆಗಳನ್ನು ಹೆಣೆದ ಕೂಡಲೇ ನೂಲನ್ನು ಮೆಲ್ಲನೆ ಎಳೆದು ಬಿಗಿಮಾಡುವುದು ಈಗ ಕೈಗೆ ಅಭ್ಯಾಸವಾಗಿದೆ.

ಇನ್ನೊಂದು ಪಾಠ ನಷ್ಟದಿಂದಲೇ ಬಂತು. ಕೆಂಪು ದಾಸವಾಳದ ಒಂದು ಮೇಜುಬಟ್ಟೆಯನ್ನು ಹದಿನೈದು ದಿನ ಹೆಣೆದು, ಒಗೆದು, ಒಣಗಲು ಹರಡಿದೆ. ಜುಲೈ ತಿಂಗಳಲ್ಲಿ ನಮ್ಮಲ್ಲಿ ದಪ್ಪ ಹತ್ತಿ ಒಣಗಲು ಎರಡು ದಿನವೂ ಸಾಲುವುದಿಲ್ಲ. ಆ ಒದ್ದೆಯಲ್ಲಿ ಕೆಂಪು ಬಣ್ಣ ಬಿಳಿಗೆ ಇಳಿದು, ಹೂವಿನ ಸುತ್ತ ತಿಳಿಗುಲಾಬಿಯ ಕಲೆ ನಿಂತುಬಿಟ್ಟಿತು. ಇಂಟಾರ್ಸಿಯಾದಲ್ಲಿ ಬಣ್ಣಗಳು ಒತ್ತಿಕೊಂಡು ಕೂತಿರುತ್ತವೆ, ಬಣ್ಣ ಬಿಡುವ ಒಂದು ನೂಲು ಇಡೀ ಚಿತ್ರವನ್ನು ಕೆಡಿಸುತ್ತದೆ. ಈಗ ಯಾವುದೇ ಗಾಢ ಬಣ್ಣವನ್ನು ಹೆಣೆಯುವ ಮೊದಲು ಒಂದು ಗೇಣು ನೂಲನ್ನು ಬಿಳಿ ಬಟ್ಟೆಯ ಚೂರಿನೊಂದಿಗೆ ಬೆಚ್ಚನೆಯ ನೀರಿನಲ್ಲಿ ಒಂದು ಗಂಟೆ ನೆನೆಸಿಡುತ್ತೇನೆ. ನೀರು ಬಣ್ಣ ತಾಳಿದರೆ ಆ ನೂಲು ಬೇರೆ ಕೆಲಸಕ್ಕೆ.

ಚಿತ್ರದ ನಕ್ಷೆಯ ವಿಷಯಕ್ಕೆ ಬಂದರೆ, ಚುಕ್ಕಿ ಇಟ್ಟು ರಂಗೋಲಿ ಹಾಕಿದವರಿಗೆ ಚೌಕ ತುಂಬುವುದು ಕಷ್ಟವೇನಲ್ಲ. ನಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಬಟ್ಟೆಯ ಮುಂಭಾಗ ನಮ್ಮ ಕಡೆಗಿರುವ ಸೀದಾ ಸಾಲನ್ನು ಬಲದಿಂದ ಎಡಕ್ಕೆ, ಹಿಂಬದಿ ನಮ್ಮ ಕಡೆಗಿರುವ ಉಲ್ಟಾ ಸಾಲನ್ನು ಎಡದಿಂದ ಬಲಕ್ಕೆ. ಇದು ಎರಡು ದಿನದಲ್ಲಿ ಕಣ್ಣಿಗೆ ಕೂರುತ್ತದೆ. ನನ್ನನ್ನು ನಿಜವಾಗಿ ತಪ್ಪಿಸಿದ್ದು ಅಳತೆ. ನನ್ನ ಹತ್ತಿ ನೂಲು 8 ನಂಬರಿನ ಕಡ್ಡಿಯಲ್ಲಿ, ಅಂದರೆ 4 ಮಿಲಿಮೀಟರ್ ದಪ್ಪದ ಕಡ್ಡಿಯಲ್ಲಿ, 10 ಸೆಂಟಿಮೀಟರ್ ಅಗಲಕ್ಕೆ 20 ಕುಣಿಕೆಗಳನ್ನೂ 10 ಸೆಂಟಿಮೀಟರ್ ಎತ್ತರಕ್ಕೆ 28 ಸಾಲುಗಳನ್ನೂ ಕೊಡುತ್ತದೆ. ಕುಣಿಕೆಯ ಅಗಲ ಹೆಚ್ಚು, ಎತ್ತರ ಕಡಿಮೆ. ಶಾಲೆಯ ಗ್ರಾಫ್ ಹಾಳೆಯಲ್ಲಿ 40 ಚೌಕ ಅಗಲ, 40 ಚೌಕ ಎತ್ತರದ ದುಂಡು ಸೂರ್ಯನನ್ನು ಬರೆದು ಹಾಗೆಯೇ ಹೆಣೆದರೆ ಅದು 20 ಸೆಂಟಿಮೀಟರ್ ಅಗಲವಾಗಿ, 14 ಸೆಂಟಿಮೀಟರ್‌ಗಿಂತ ತುಸು ಹೆಚ್ಚು ಎತ್ತರವಾಗಿ, ಮೇಲಿನಿಂದ ಅದುಮಿದ ಹಾಗೆ ಕಾಣುತ್ತದೆ. ಸೂರ್ಯ ದುಂಡಗಿರಬೇಕಾದರೆ 40 ಕುಣಿಕೆಗೆ 56 ಸಾಲು ಬೇಕು. ಹಾಗಾಗಿ ಈಗ ನಾನು ಮೊದಲು ಅಂಗೈಯಗಲದ ಮಾದರಿ ಹೆಣೆದು, ಅಳೆದು, ಅದೇ ಅನುಪಾತದ ಮನೆಗಳನ್ನು ಸ್ಕೇಲಿನಿಂದ ಗೆರೆ ಹೊಡೆದು ಮಾಡಿಕೊಂಡ ಮೇಲೆಯೇ ಚಿತ್ರ ಬರೆಯುತ್ತೇನೆ.

ಅದೇ ಮಾದರಿಯಿಂದ ಇನ್ನೊಂದು ಲೆಕ್ಕವೂ ಸಿಗುತ್ತದೆ. ಇಪ್ಪತ್ತು ಕುಣಿಕೆಗಳನ್ನು ಬಿಚ್ಚಿ ನೂಲನ್ನು ಅಳೆದೆ. ನನ್ನ ಕೈಯಲ್ಲಿ 34 ಸೆಂಟಿಮೀಟರ್ ಬಂತು. ಒಂದು ಎಲೆಯಲ್ಲಿ 200 ಚೌಕಗಳಿದ್ದರೆ 3 ಮೀಟರ್ 40 ಸೆಂಟಿಮೀಟರ್, ಎರಡು ತುದಿಗಳಿಗೆ ಇನ್ನು 30 ಸೆಂಟಿಮೀಟರ್. ಅಷ್ಟನ್ನೇ ಕತ್ತರಿಸಿ ಸುತ್ತಿಕೊಂಡರೆ ನಡುವೆ ನೂಲು ಮುಗಿಯುವುದಿಲ್ಲ, ಉಂಡೆಗಳು ಗಂಟು ಬೀಳುವುದೂ ಕಡಿಮೆ. ಸುತ್ತಿಕೊಳ್ಳಲು ಮೊದಲು ಒಣಗಿದ ಅಡಿಕೆ ಹಾಳೆಯನ್ನು ಕತ್ತರಿಸಿ ಬಾಬಿನ್ ಮಾಡಿದ್ದೆ. ಹಗುರವಾಗಿತ್ತು, ಆದರೆ ಅದರ ಅಂಚು ಹತ್ತಿಯ ಎಳೆಯನ್ನು ಕಚ್ಚುತ್ತಿತ್ತು. ಹಳೆಯ ಮದುವೆ ಕಾಗದಗಳ ದಪ್ಪ ರಟ್ಟು ಅದಕ್ಕಿಂತ ಒಳ್ಳೆಯದು. ಬಣ್ಣದ ಹೆಣಿಗೆಗೆ ಹೆಸರಾದ ಕೇಫ್ ಫ್ಯಾಸೆಟ್ ಬಾಬಿನ್ನುಗಳನ್ನು ಬಳಸದೆ ಗಿಡ್ಡ ನೂಲುಗಳನ್ನು ಹಾಗೆಯೇ ಇಳಿಬಿಟ್ಟು, ಬೇಕಾದದ್ದನ್ನು ಗೊಂಚಲಿನಿಂದ ಎಳೆದುಕೊಳ್ಳುತ್ತಾರೆ. ಐವತ್ತು ಅರವತ್ತು ಕುಣಿಕೆಗಳ ಸಣ್ಣ ತುಂಡುಗಳಿಗೆ ನಾನೂ ಈಗ ಆ ದಾರಿ ಹಿಡಿದಿದ್ದೇನೆ, ಮತ್ತು ಅದು ನಿಜಕ್ಕೂ ನಿರಾಳ.

ಇಷ್ಟೆಲ್ಲ ಕಲಿತರೂ, ಏನು ಹೆಣೆಯಬೇಕು ಎಂಬ ಪ್ರಶ್ನೆಯಲ್ಲಿ ನಾನು ಬಹಳ ಕಾಲ ದಾರಿ ತಪ್ಪಿದ್ದೆ. ಚಿತ್ರ ಚೆಂದ ಕಂಡರೆ ಆರಿಸುತ್ತಿದ್ದೆ, ಚಿಕ್ಕದಿದ್ದರೆ ಸುಲಭ ಎಂದುಕೊಳ್ಳುತ್ತಿದ್ದೆ. ಚೆಂದವಾಗಲಿ ಗಾತ್ರವಾಗಲಿ ಅಳತೆಗೋಲಲ್ಲ ಎಂದು ಗೊತ್ತಾದದ್ದು ಮಡಿಕೇರಿಯ ತಮ್ಮನ ಮಗಳಿಗೆ ಆನೆಯ ಸ್ವೆಟರ್ ಹೆಣೆಯಲು ಕೂತಾಗ. ನಕ್ಷೆಯಲ್ಲಿ 44 ಕುಣಿಕೆ ಅಗಲದ ಬೂದು ಆನೆ ಹಳದಿ ನೆಲದ ಮೇಲೆ ನಿಂತಿತ್ತು. ಹೊಟ್ಟೆಯ ಭಾಗದಲ್ಲಿ ಹಳದಿ, ಬೂದು, ಹಳದಿ ಎಂದು ಮೂರೇ ನೂಲು. ಆದರೆ ಹೆಣಿಗೆ ಶುರುವಾಗುವುದು ಕಾಲಿನಿಂದ. ನಾಲ್ಕು ಕಾಲು ಮತ್ತು ಇಳಿಬಿಟ್ಟ ಸೊಂಡಿಲು ಸೇರಿ ಐದು ಬೂದು ಕಂಬಗಳು, ಅವುಗಳ ನಡುವೆ ಮತ್ತು ಎರಡು ಬದಿಗಳಲ್ಲಿ ಆರು ಹಳದಿ; ಒಟ್ಟು ಹನ್ನೊಂದು ನೂಲುಗಳು ಒಂದೇ ಸಾಲಿನಲ್ಲಿ. ಆರು ಸಾಲು ಹೆಣೆಯುವಷ್ಟರಲ್ಲಿ ಕಡ್ಡಿಯ ಕೆಳಗೆ ಜಡೆ ಕಟ್ಟಿತ್ತು.

ಬಿಚ್ಚಿ, ಚಿತ್ರವನ್ನೇ ತಿದ್ದಿದೆ. ಮುಂದಿನ ಎರಡು ಕಾಲುಗಳನ್ನು ಸೇರಿಸಿ ಒಂದು ದಪ್ಪ ಕಾಲು, ಹಿಂದಿನ ಎರಡನ್ನು ಸೇರಿಸಿ ಇನ್ನೊಂದು. ಸೊಂಡಿಲನ್ನು ಮೇಲಕ್ಕೆತ್ತಿಸಿದೆ, ಆಗ ಅದು ಕಾಲುಗಳ ಸಾಲಿನಲ್ಲಿ ಬರದೆ ತಲೆಯ ಸಾಲಿನಲ್ಲಿ ಬಂತು. ಈಗ ಯಾವ ಸಾಲಿನಲ್ಲಿಯೂ ಐದಕ್ಕಿಂತ ಹೆಚ್ಚು ನೂಲಿಲ್ಲ. ಬಾಲ, ಕಣ್ಣು, ದಂತ ಇವನ್ನು ಹೆಣಿಗೆಯಲ್ಲಿ ತರುವ ಗೋಜಿಗೇ ಹೋಗದೆ, ಎಲ್ಲ ಮುಗಿದ ಮೇಲೆ ಸೂಜಿಯಿಂದ ಕುಣಿಕೆಯ ಜಾಡಿನಲ್ಲಿಯೇ ಇನ್ನೊಂದು ಬಣ್ಣದ ನೂಲು ಓಡಿಸಿ ಮೂಡಿಸಿದೆ. ಒಂದೆರಡು ಕುಣಿಕೆ ಅಗಲದ ಯಾವುದೇ ಗೆರೆಗೆ ಇದೇ ಸರಿಯಾದ ಕ್ರಮ. ಸ್ಕಾಟ್‌ಲೆಂಡಿನ ಆರ್ಗೈಲ್ ಪ್ರಾಂತ್ಯದ ಹೆಸರು ಹೊತ್ತ ವಜ್ರದಾಕಾರದ ವಿನ್ಯಾಸದಲ್ಲಿಯೂ ವಜ್ರಗಳನ್ನು ಇಂಟಾರ್ಸಿಯಾದಲ್ಲಿ ಹೆಣೆದು, ಅವುಗಳ ಮೇಲೆ ಅಡ್ಡ ಹಾಯುವ ತೆಳುಗೆರೆಗಳನ್ನು ಹೆಚ್ಚಾಗಿ ಹೀಗೆಯೇ ಸೂಜಿಯಿಂದ ತುಂಬುತ್ತಾರೆ.

ಅಂದಿನಿಂದ ಯಾವ ನಕ್ಷೆಯನ್ನು ನೋಡಿದರೂ ಮೊದಲು ಅತಿ ಹೆಚ್ಚು ಬಣ್ಣ ಬದಲಾಗುವ ಸಾಲನ್ನು ಹುಡುಕಿ, ಅದರಲ್ಲಿ ಎಷ್ಟು ನೂಲು ಬೇಕೆಂದು ಎಣಿಸುತ್ತೇನೆ. ಮೂರಿದ್ದರೆ ಹೊಸಬರೂ ಧೈರ್ಯವಾಗಿ ಹಿಡಿಯಬಹುದು. ಐದರವರೆಗೆ ಸಂತೋಷದ ಕೆಲಸ. ಎಂಟು ದಾಟಿದರೆ ಚಿತ್ರವನ್ನು ತಿದ್ದಬೇಕು, ಇಲ್ಲವೇ ಕೈಬಿಡಬೇಕು. ಗಡಿಯ ಆಕಾರವನ್ನೂ ನೋಡುತ್ತೇನೆ. ನೇರ ನಿಂತ ಗೆರೆ ಎಣಿಸಲು ಸುಲಭ, ಆದರೆ ಅಲ್ಲಿ ಸುತ್ತು ಒಮ್ಮೆ ತಪ್ಪಿದರೂ ತೂತು ಬೀಳುತ್ತದೆ, ಏಕೆಂದರೆ ಎರಡು ಬಣ್ಣಗಳನ್ನು ಹಿಡಿದಿಡುವುದು ಆ ಸುತ್ತು ಮಾತ್ರ. ಓರೆ ಗೆರೆಯಲ್ಲಿ ಪ್ರತಿ ಸಾಲಿಗೂ ಒಂದು ಬಣ್ಣ ಇನ್ನೊಂದರ ಕುಣಿಕೆಯ ಮೇಲೆ ಏರಿ ಕೂರುವುದರಿಂದ ಬಟ್ಟೆ ತಾನಾಗಿಯೇ ಬಿಗಿ ಹಿಡಿಯುತ್ತದೆ. ಹಾಗಾಗಿ ಕಲಿಯಲು ಬಯಸುವವರಿಗೆ ನಾನು ಬಾಳೆಲೆಯ ಚಿತ್ರವನ್ನು ಸೂಚಿಸುತ್ತೇನೆ: ದಿಂಡಿನ ಒಂದು ಬದಿ ಗಾಢ ಹಸಿರು, ಇನ್ನೊಂದು ಬದಿ ತಿಳಿ ಹಸಿರು, ಎರಡು ಬದಿಗಳಲ್ಲಿ ಬಿಳಿ ನೆಲ. ನಾಲ್ಕು ನೂಲು, ಹೆಚ್ಚಿನ ಗಡಿಗಳೆಲ್ಲ ಓರೆ, ದಿಂಡನ್ನು ಕೊನೆಗೆ ಸೂಜಿಯಿಂದ ಎಳೆದರಾಯಿತು. ಊಟದ ಮೇಜಿನ ಹಾಸಾಗಿ ಅದು ನಮ್ಮ ಮನೆಯಲ್ಲಿ ದಿನವೂ ಬಳಕೆಯಾಗುತ್ತಿದೆ. ಸೆಕೆಯ ಊರಿನಲ್ಲಿ ಸ್ವೆಟರ್ ಬೇಡವೆಂದು ಹೆಣಿಗೆಯನ್ನೇ ಬಿಡಬೇಕಾಗಿಲ್ಲ. ದಿಂಬಿನ ಹೊದಿಕೆ, ಚೀಲ, ಬಾಣಂತಿ ಮನೆಗೆ ಕೊಡಲು ಮಗುವಿನ ಹತ್ತಿಯ ಹೊದಿಕೆ, ಇವೆಲ್ಲ ಚಪ್ಪಟೆಯಾದ ತುಂಡುಗಳೇ, ಮತ್ತು ಇಂಟಾರ್ಸಿಯಾಕ್ಕೆ ಬೇಕಾದದ್ದೂ ಅದೇ. ದುಂಡಗೆ ಸುತ್ತಿ ಹೆಣೆದರೆ ಒಂದು ಸುತ್ತು ಮುಗಿದಾಗ ಪ್ರತಿ ನೂಲೂ ತನ್ನ ತುಂಡಿನ ಆಚೆ ಬದಿಯಲ್ಲಿ ಉಳಿದುಬಿಡುತ್ತದೆ, ಮುಂದಿನ ಸುತ್ತಿಗೆ ಸಿಗುವುದಿಲ್ಲ.

ಈಗ ಕೈಯಲ್ಲಿರುವುದು ನನ್ನ ಬಹುದಿನದ ಆಸೆಯ ಚಿತ್ರ: ನಮ್ಮ ಮನೆಯ ಅಂಗಳದಿಂದ ಕಾಣುವ ಕಂಗಿನ ತೋಟ. ಏಳು ಕಂಗುಗಳು ಸಾಲಾಗಿ ನಿಂತಿವೆ. ಲೆಕ್ಕ ಹಾಕಿದರೆ ಏಳು ಕಾಂಡ, ಎಂಟು ಬಯಲು, ಒಟ್ಟು ಹದಿನೈದು ನೂಲು, ಎಲ್ಲವೂ ನೇರ ಗಡಿಗಳು. ನನ್ನದೇ ನಿಯಮದ ಪ್ರಕಾರ ಕೈಬಿಡಬೇಕಾಗಿದ್ದ ಚಿತ್ರ. ನಕ್ಷೆಯನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡುತ್ತಿದ್ದಾಗ, ದೊಡ್ಡಮ್ಮ ಪಕ್ಕದ ಕುರ್ಚಿಯಿಂದಲೇ "ಅಡ್ಡ ಮಲಗಿಸಿ ಹೆಣೆಯಬಾರದೇ?" ಎಂದರು. ಹಾಳೆಯನ್ನು ಕಾಲು ಸುತ್ತು ತಿರುಗಿಸಿದೆ. ನಿಂತ ಕಂಗುಗಳು ಅಡ್ಡ ಪಟ್ಟೆಗಳಾದವು. ಈಗ ಒಂದು ಸಾಲಿನಲ್ಲಿ ನೆಲದ ಕಂದು, ಕಾಂಡದ ಬೂದು, ಸೋಗೆಯ ಹಸಿರು, ಮೂರೇ ನೂಲು. ಕಾಂಡದ ನಡುವಿನ ಬಯಲಿನಲ್ಲಿ ಬೂದಿನ ಬದಲು ತಿಳಿನೀಲಿ. ಅಳತೆಯನ್ನೂ ತಿರುಗಿಸಬೇಕಾಯಿತು: 30 ಸೆಂಟಿಮೀಟರ್ ಎತ್ತರದ ಚಿತ್ರಕ್ಕೆ ಕಡ್ಡಿಯ ಮೇಲೆ 60 ಕುಣಿಕೆ, 40 ಸೆಂಟಿಮೀಟರ್ ಅಗಲಕ್ಕೆ 112 ಸಾಲು, ಒಂದೊಂದು ಕಾಂಡಕ್ಕೆ 6 ಸಾಲು. ಕಾಂಡದ ಬಳೆಗಳನ್ನು ಕೊನೆಗೆ ಸೂಜಿಯಿಂದ ಹಾಕಬೇಕು. ನಿನ್ನೆ ರಾತ್ರಿಗೆ ಮೂರು ಕಂಗು ಮುಗಿದಿವೆ. ಕಿಟಕಿಗೆ ಹಿಡಿದು ನೋಡಿದೆ, ಗಡಿಯಲ್ಲಿ ಎಲ್ಲಿಯೂ ಬೆಳಕು ಸೋರುತ್ತಿಲ್ಲ.